ಲಗೇಜಪ್ಪನಿಗೆ ಟಿಕೆಟ್ ಇಲ್ಲ

ಜೂನ್ 9, ಭಾನುವಾರ

ನಿವೃತ್ತಿಯ ದಿನ ಡಿಪೋದವರು ಹೊದಿಸಿದ ಶಾಲನ್ನು ರಾಧಾಮಣಿ ಟ್ರಂಕಿಗೆ ಸೇರಿಸಿದಳು, ಹಣ್ಣಿನ ಬುಟ್ಟಿಯನ್ನು ಬೀದಿಗೆ ಹಂಚಿದಳು. ನನ್ನ ಪಾಲಿಗೆ ಉಳಿದದ್ದು ಈ ಡೈರಿ. ಇದನ್ನು ಅವಳು ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ರೇಷ್ಮೆ ಹುಳು ಮನೆಗೆ ಬಂದರೆ ಅವಳಿಗೆ ಗಂಡನ ಮುಖ ನೋಡಲೂ ಪುರುಸೊತ್ತಿಲ್ಲ, ಇನ್ನು ಗಂಡನ ಅಕ್ಷರ ಯಾವಾಗ ನೋಡುತ್ತಾಳೆ?

ಇವತ್ತು ಬೆಳಗ್ಗೆ ಚಾಕಿ ಹುಳು ಬಂದವು. ಎಳೆಯವು, ಬೆರಳುಗುರಿನಷ್ಟೂ ಇಲ್ಲ. ಅವು ಒಳಗೆ ಹೋದವು, ನಾನು ಹೊರಗೆ ಬಂದೆ. ನನ್ನ ಮಂಚ, ಕಂಬಳಿ, ನೀರಿನ ಚೊಂಬು ಎಲ್ಲವೂ ಈಗ ಜಗುಲಿಯ ಮೇಲಿವೆ. ಕಾರಣ ನನ್ನ ನಶ್ಯ. ಹೊಗೆಸೊಪ್ಪಿನ ಸೋಂಕು ತಾಗಿದರೆ ಹುಳು ಬದುಕುವುದಿಲ್ಲ, ಅದು ನಿಜವೇ. ಆದರೆ ಹುಳುಮನೆ ಇರುವುದು ಹಿತ್ತಲಲ್ಲಿ, ಬೇರೆ ಕಟ್ಟಡದಲ್ಲಿ. ನಾನು ನಡುಮನೆಯಲ್ಲಿ ಸೀನಿದ ಗಾಳಿ ಅಡುಗೆಮನೆ ದಾಟಿ ಅಲ್ಲಿಗೆ ಹೋಗುತ್ತದಂತೆ. ಹೋದ ಸಲ ಬೆಳೆ ಕೆಟ್ಟದ್ದು ಹೀಗೇ ಎಂದು ಅವಳ ತೀರ್ಪು.

“ಮೂವತ್ತೆರಡು ವರ್ಷ ಬಸ್ಸಲ್ಲಿ ಜನಾನ ಒಳಗೆ ತಳ್ಳಿದ್ರಲ್ಲ, ಈಗ ನೀವು ಸ್ವಲ್ಪ ಹೊರಗೆ ನಿಂತ್ಕಳಿ. ಬೆಳೆ ಮುಗಿಯೋವರ್ಗೂ ಡಬ್ಬಿ ನನ್ ಹತ್ರ ಇರ್ತದೆ” ಎಂದು ನಶ್ಯದ ಡಬ್ಬಿಯನ್ನು ಕಿತ್ತುಕೊಂಡು ಸೆರಗಿಗೆ ಗಂಟು ಹಾಕಿದಳು.

ಎದುರು ಮನೆಯ ಕೋನಪ್ಪ ಸಂಜೆ ಬಂದು ತನ್ನ ಡಬ್ಬಿಯಿಂದ ಮೂರು ಚಿಟಿಕೆ ಕೊಟ್ಟ. ದೇವರಂಥ ಮನುಷ್ಯ. ಈ ಮನೆಯಲ್ಲಿ ಕಂಡಕ್ಟರ್ ಅವಳು, ನಾನು ಫುಟ್‌ಬೋರ್ಡ್ ಗಿರಾಕಿ.

ಜೂನ್ 11, ಮಂಗಳವಾರ

ಮಧ್ಯಾಹ್ನ ಊಟಕ್ಕೆ ಸಾರಿಲ್ಲ. ನಿನ್ನೆಯದೇ ಹುರುಳಿಕಾಳು. ಸಿಟ್ಟು ಮಾಡಿಕೊಂಡು ಬೆಟ್ಟದ ಕಡೆ ಹೊರಟುಹೋದೆ. ಸಿಟ್ಟು ಮಾಡಿಕೊಂಡದ್ದು ಯಾರಿಗೂ ಗೊತ್ತಾಗಲಿಲ್ಲ, ಅದೊಂದು ದುಃಖ.

ದೊಡ್ಡ ಬಂಡೆಯ ಹತ್ತಿರ, ಬಂಡಿದಾರಿಯ ನಟ್ಟನಡುವೆ ಒಂದು ಆಮೆಮರಿ ನಿಂತಿತ್ತು. ನಿಂಬೆಹಣ್ಣಿನ ಹೋಳಿನಷ್ಟು ಗಾತ್ರ. ಬೆನ್ನು ಕಪ್ಪು, ಅದರ ಮೇಲೆ ಹಳದಿ ಗೀರು. ಎರಡು ಮಾರು ಆಚೆ ಒಂದು ಕಾಗೆ ಕತ್ತು ಓರೆ ಮಾಡಿ ಕೂತಿತ್ತು, ಹೋಟೆಲಲ್ಲಿ ಆರ್ಡರು ಕೊಟ್ಟು ಕಾಯುವವನ ಹಾಗೆ.

“ಯಾವೂರಪ್ಪಾ?” ಎಂದೆ. ಮುಂದೆ ಸರಿ ಎಂದೆ. ಸರಿಯಲಿಲ್ಲ. ಇಂಥ ಪ್ಯಾಸೆಂಜರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನನ್ನ ಹಳೆಯ ಕ್ಯಾಶ್ ಬ್ಯಾಗ್ ಈಗಲೂ ಹೆಗಲ ಮೇಲೇ ಇರುತ್ತದೆ, ಅದಿಲ್ಲದಿದ್ದರೆ ಎಡಕ್ಕೆ ವಾಲಿ ನಡೆಯುತ್ತೇನೆ. ಒಳಗೆ ಒಂದು ಕರ್ಚೀಪು, ಒಂದು ಸೀಟಿ, ಅಷ್ಟೇ. ಮರಿಯನ್ನೂ ಅದರೊಳಗೆ ಹಾಕಿಕೊಂಡೆ. ಕಾಗೆ ನನ್ನನ್ನು ಬಾಯಿಗೆ ಬಂದಹಾಗೆ ಬೈದು ಹಾರಿಹೋಯಿತು.

ಎಳೆಮಕ್ಕಳಿಗೆ ಟಿಕೆಟ್ ಇಲ್ಲ. ಹೆಸರು ಲಗೇಜಪ್ಪ ಎಂದು ಇಟ್ಟಿದ್ದೇನೆ.

ಜೂನ್ 12, ಬುಧವಾರ

ಕೋನಪ್ಪನನ್ನು ಸುಮ್ಮನೆ ಕೇಳಿದಂತೆ ಕೇಳಿದೆ: “ಮನೇಲಿ ಆಮೆ ಇದ್ರೆ ಒಳ್ಳೇದೇನೋ?”

ಅವನು ಕೈಯಲ್ಲಿದ್ದ ಚಿಟಿಕೆಯನ್ನು ಮೂಗಿಗೆ ಏರಿಸುವುದನ್ನೇ ಮರೆತ. “ಅಯ್ಯಯ್ಯೋ, ವದ್ದನ್ನಾ, ಬೇಡ! ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಉದ್ಧಾರ ಆಗಲ್ಲ ಅಂತ ದೊಡ್ಡೋರು ಸುಮ್ನೆ ಹೇಳಿದ್ರಾ? ಕೋರ್ಟ್ ಅಮೀನನಾದ್ರೂ ಪಾತ್ರೆ ಪಗಡ ತಗೊಂಡು ಹೋಗ್ತಾನೆ. ಆಮೆ ಇಡೀ ಮನೇನೇ ತಗೊಂಡು ಹೋಗ್ತದೆ.”

ಮಂಚದ ಗೂಟಕ್ಕೆ ನೇತುಹಾಕಿದ್ದ ಬ್ಯಾಗು ಅದೇ ಹೊತ್ತಿಗೆ ಕರಕರ ಎಂದಿತು. ನಾನು ಜೋರಾಗಿ ಕೆಮ್ಮಿದೆ.

ರಾಧಾಮಣಿಗೆ ಗೊತ್ತಾದರೆ ಮುಗಿಯಿತು. ಬೆಳೆ ಒಳಗಿರುವಾಗ ಅವಳಿಗೆ ಎಲ್ಲದಕ್ಕೂ ಒಂದೊಂದು ಕಟ್ಟಳೆ. ಇವತ್ತು ಕೋನಪ್ಪನ ಹೆಂಡತಿ ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಬಂದರೆ ಬರಿಗೈಯಲ್ಲಿ ಕಳಿಸಿದಳು. “ಬೇಜಾರ್ ಮಾಡ್ಕೋಬೇಡಕ್ಕಾ. ಗೂಡು ಬಿಡ್ಸೋವರ್ಗೂ ನಮ್ಮನೆ ಹೊಸ್ತಿಲು ದಾಟಿ ಏನೂ ಹೋಗಂಗಿಲ್ಲ, ಉಪ್ಪಿನಕಲ್ಲೂ. ಒಳಗೆ ಬಂದಿದ್ದು ಹೊರಗೆ ಹೋದ್ರೆ ಬೆಳೆನೂ ಅದರ ಹಿಂದೇನೇ ಹೋಗ್ಬಿಡ್ತದೆ.” ಅವಳ ಅತ್ತೆ, ಅಂದರೆ ನನ್ನ ಅವ್ವ, ಕಲಿಸಿಕೊಟ್ಟ ಶಾಸ್ತ್ರವಂತೆ. ನನಗೆ ಅವ್ವ ಇದನ್ನೆಲ್ಲ ಹೇಳಲೇ ಇಲ್ಲ. ನಾನು ಮನೆಯಲ್ಲಿ ಎಲ್ಲಿದ್ದೆ?

ಲಗೇಜಪ್ಪ ಹುಲ್ಲು ಮುಟ್ಟಲಿಲ್ಲ, ದಾಸವಾಳ ಮುಟ್ಟಲಿಲ್ಲ. ನಶ್ಯದ ಬೆರಳು ಹತ್ತಿರ ಹೋದರೆ ತಲೆ ಒಳಗೆಳೆದುಕೊಳ್ಳುತ್ತದೆ. ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆದು, ಒಂದು ಹಿಪ್ಪುನೇರಳೆ ಎಲೆ ಕದ್ದು, ರಾಧಾಮಣಿ ಎಳೆ ಹುಳುವಿಗೆ ಹೆಚ್ಚುವ ಹಾಗೆ ಸಣ್ಣಗೆ ಹೆಚ್ಚಿ ಕೊಟ್ಟೆ. ತಿಂದಿತು! ಕೈ ತೊಳೆದದ್ದು ಆಮೆಗಾಗಿ, ಹೆಂಡತಿಯ ಮಾತಿಗಲ್ಲ. ಇದು ದಾಖಲೆಯಲ್ಲಿರಲಿ.

ಜೂನ್ 15, ಶನಿವಾರ

ಸೊಪ್ಪು ಕದಿಯಲು ಸುಲಭದ ದಾರಿ ಸೊಪ್ಪು ಕೊಯ್ಯುವುದು. ಮೂರು ದಿನದಿಂದ ಬೆಳಗ್ಗೆ ಐದೂವರೆಗೆ ತೋಟಕ್ಕೆ ಹೋಗಿ ಎರಡು ಹೊರೆ ತಂದು ಹಾಕುತ್ತಿದ್ದೇನೆ. ಮೊದಲ ದಿನ ರಾಧಾಮಣಿ ಹೊರೆಯನ್ನೂ ನೋಡಿದಳು, ಆಕಾಶವನ್ನೂ ನೋಡಿದಳು. “ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೆ ಅಂತ ನೋಡ್ತಿದೀನಿ” ಎಂದಳು. ಎರಡು ಹೊರೆಯಲ್ಲಿ ನಾಲ್ಕೇ ಎಲೆ ನನ್ನ ಕಮಿಷನ್ನು.

ಹುಳುಮನೆಯ ಕಿಟಕಿಗೆ ಸೊಳ್ಳೆಪರದೆ ಬಡಿದಿದೆ. ಹೊರಗೆ ನಿಂತು ನೋಡಬಹುದು, ಅಷ್ಟಕ್ಕೆ ಅಪ್ಪಣೆ ಇದೆ. ಮೊನ್ನೆ ಹುಳುಗಳೆಲ್ಲ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತುಬಿಟ್ಟಿದ್ದವು. ಇದಕ್ಕೂ ನಶ್ಯವೇ ಕಾರಣ ಅಂದಳೋ, ನಾನು ಕೆಟ್ಟೆ.

“ಜ್ವರಕ್ಕೆ ಕೂತವೆ ಕಣ್ರೀ” ಎಂದು ನಕ್ಕಳು. ಪೊರೆ ಬಿಡುವ ಮುಂಚಿನ ನಿದ್ದೆಗೆ ನಮ್ಮ ಕಡೆ ಜ್ವರ ಎನ್ನುತ್ತಾರೆ, ಅಷ್ಟು ನನಗೂ ಗೊತ್ತಿತ್ತು. ಮಿಕ್ಕದ್ದನ್ನು ಅವಳು ಪರದೆಯ ಆಚೆಯಿಂದ ಹೇಳಿದಳು. ಆಗ ಸೊಪ್ಪು ಹಾಕಬಾರದು, ನೀರಿನ ಪಸೆ ಇರಬಾರದು, ಮುಟ್ಟಬಾರದು, ಮೇಲೆ ಸುಣ್ಣದ ಪುಡಿ ಉದುರಿಸಬೇಕು. ದಿನವೊಂದು ಕಳೆದರೆ ತಾವಾಗಿಯೇ ಏಳುತ್ತವೆ. “ಎಲ್ಲಾ ಎದ್ದ ಮೇಲೇನೇ ಸೊಪ್ಪು. ಮುಂಚೆ ಎದ್ದೋನಿಗೆ ಹಾಕ್ಬಿಟ್ರೆ ಹಿಂದಿರೋನು ಹಿಂದೇನೇ ಉಳ್ಕೊಂಬಿಡ್ತಾನೆ.”

ಮೂವತ್ತೆರಡು ವರ್ಷ ಮೊದಲ ಬಸ್ಸಿಗೆ ಹೋಗಿ ಕೊನೆಯ ಬಸ್ಸಿಗೆ ಬಂದೆ. ಚಿಂತಾಮಣಿಯಿಂದ ಗೌರಿಬಿದನೂರಿನವರೆಗೆ ಪ್ರತಿ ಸ್ಟಾಪಿನ ಟೀ ಅಂಗಡಿಯವನ ಹೆಸರು ಗೊತ್ತು. ಹೆಂಡತಿ ಇಷ್ಟು ಬುದ್ಧಿವಂತೆ ಎಂದು ಗೊತ್ತಿರಲಿಲ್ಲ. ಇದನ್ನು ಅವಳಿಗೆ ಹೇಳುವ ಉದ್ದೇಶ ಸದ್ಯಕ್ಕಿಲ್ಲ.

ಕೋನಪ್ಪ ಇವತ್ತು ಸಿಗಲಿಲ್ಲ. ನಾನೂ ಹುಡುಕಲಿಲ್ಲ, ಕೆಲಸವಿತ್ತು.

ಜೂನ್ 20, ಗುರುವಾರ

ಮೂರು ದಿನದಿಂದ ಮೋಡ, ತುಂತುರು, ಶೀತಗಾಳಿ. ಲಗೇಜಪ್ಪ ನಿನ್ನೆಯಿಂದ ಎಲೆ ಮುಟ್ಟಿಲ್ಲ. ಅಲ್ಲಾಡುವುದಿಲ್ಲ. ಕಣ್ಣು ಮುಚ್ಚಿಕೊಂಡೇ ಇದೆ.

ಬೇರೆ ಯಾರಾದರೂ ಆಗಿದ್ದರೆ ಗಾಬರಿ ಬೀಳುತ್ತಿದ್ದರು. ನಾನು ರೇಷ್ಮೆ ಮನೆತನದವನು. ನೋಡಿದ ತಕ್ಷಣ ಹಿಡಿದುಬಿಟ್ಟೆ: ಜ್ವರಕ್ಕೆ ಕೂತಿದೆ! ಆ ಚಿಪ್ಪು ಸಣ್ಣದಾಗಿರಬೇಕು, ಅದನ್ನು ಬಿಟ್ಟು ದೊಡ್ಡದು ಹಾಕಿಕೊಳ್ಳುತ್ತದೆ. ಎಲೆ ತೆಗೆದೆ, ನೀರಿಟ್ಟಿದ್ದ ಮುಚ್ಚಳ ತೆಗೆದೆ, ಬ್ಯಾಗನ್ನು ಒರೆಸಿ ಒಣಗಿಸಿದೆ. ರಾಧಾಮಣಿ ಸ್ನಾನಕ್ಕೆ ಹೋದಾಗ ಸುಣ್ಣದ ಡಬ್ಬದಿಂದ ಒಂದು ಹಿಡಿ ತಂದು ಶಾಸ್ತ್ರೋಕ್ತವಾಗಿ ಉದುರಿಸಿದೆ. ಈಗ ಲಗೇಜಪ್ಪ ಸಕ್ಕರೆ ಹಾಕಿದ ಬನ್ನಿನ ಹಾಗಿದೆ. ಹುಳುಗಳೂ ಇವತ್ತು ನಾಲ್ಕನೇ ಜ್ವರದಲ್ಲಿವೆ. ಒಟ್ಟಿಗೆ ಏಳಲಿ.

ಜೂನ್ 21, ಶುಕ್ರವಾರ

ಹುಳು ಎದ್ದವು. ಇದು ಏಳಲಿಲ್ಲ.

ಜೂನ್ 22, ಶನಿವಾರ

ಬೆಳಗ್ಗೆ ಮುಟ್ಟಿ ನೋಡಿದರೆ ಕಲ್ಲಿನಷ್ಟು ತಣ್ಣಗಿತ್ತು. ಕಾಲು ಹಿಡಿದು ಎಳೆದರೂ ಒಳಗೆಳೆದುಕೊಳ್ಳಲಿಲ್ಲ. ತೋಟದ ಮೂಲೆಗೆ ಹೋಗಿ ಮಗಳು ಹರಿಣಿಗೆ ಫೋನ್ ಮಾಡಿದೆ. ಗೌರಿಬಿದನೂರಿನಲ್ಲಿ ವಿಜ್ಞಾನದ ಟೀಚರು.

“ಅಪ್ಪಾ, ಅದೇನ್ ಹುಳುನಾ ಜ್ವರಕ್ಕೆ ಕೂರಕ್ಕೆ? ಆಮೆ ಚಿಪ್ಪು ಬಿಡಲ್ಲ ಅಪ್ಪಾ! ಚಿಪ್ಪು ಅದರ ಮೈಯೇ. ಚಳಿಗೆ ಸೆಟೆದುಕೊಂಡಿದೆ, ನೀರಿಲ್ದೆ ಒಣಗಿದೆ. ಸುಣ್ಣ ಬೇರೆ ಹಾಕಿದೀಯಾ?”

“ಒಂಚೂರೇ ಕಣಮ್ಮ.”

“ತಕ್ಷಣ ತೊಳಿ. ಉಗುರು ಬೆಚ್ಚಗಿನ ನೀರು, ತಟ್ಟೇಲಿ, ಅದರ ಗದ್ದ ಮುಳುಗಬಾರದು. ಆಮೇಲೆ ಎಳೇ ಬಿಸಿಲಿಗೆ ಇಡು. ಮತ್ತೆ ಕೇಳು, ನೀನ್ ಹೇಳೋದು ನೋಡಿದ್ರೆ ಅದು ನಕ್ಷತ್ರ ಆಮೆ. ಕಾಡುಪ್ರಾಣಿ. ಮನೇಲಿಟ್ಕೊಂಡ್ರೆ ಕೇಸ್ ಆಗುತ್ತೆ. ಹುಷಾರಾದ ತಕ್ಷಣ ಎಲ್ಲಿ ಸಿಕ್ತೋ ಅಲ್ಲೇ ಬಿಟ್ಬಿಡ್ಬೇಕು. ಅಮ್ಮಂಗೆ ಗೊತ್ತಾ?”

“ನಿಮ್ಮಮ್ಮಂಗೆ ಗೊತ್ತಾದ್ರೆ ನನ್ನೂ ಅಲ್ಲೇ ಬಿಟ್ಟು ಬರ್ತಾಳೆ.”

ನನ್ನ ಊಟದ ತಟ್ಟೆಯಲ್ಲೇ ನೀರು ಹಾಕಿ ಕೂರಿಸಿದೆ. ಸುಣ್ಣ ಬಿಟ್ಟು ನೀರು ಹಾಲಿನಂತಾಯಿತು, ಬದಲಾಯಿಸಿದೆ. ಮತ್ತೆ ಬದಲಾಯಿಸಿದೆ. ಮೋಡದ ನಡುವೆ ಒಂದಿಷ್ಟು ಬಿಸಿಲು ಬಂತು, ತಟ್ಟೆ ಎತ್ತಿಕೊಂಡು ಬಿಸಿಲು ಹೋದಲ್ಲೆಲ್ಲ ನಾನೂ ಹೋದೆ. ಒಂಬತ್ತು ಗಂಟೆ ಹೊತ್ತಿಗೆ ಒಂದು ಕಣ್ಣು ತೆರೆಯಿತು. ಕತ್ತು ಚಾಚಿ ಕುಡಿಯಿತು. ಎಷ್ಟು ಹೊತ್ತು ಕುಡಿಯಿತು ಎಂದರೆ ನನ್ನ ಬಾಯಿ ಒಣಗಿತು. ಆಮೇಲೆ ಅದೇ ತಟ್ಟೆಯಲ್ಲಿ ಧಾರಾಳವಾಗಿ ಉಚ್ಚೆ ಹೊಯ್ಯಿತು.

ನಶ್ಯ ಏರಿಸದೆಯೇ ಕಣ್ಣಲ್ಲಿ ನೀರು ಬಂತು. ನನ್ನ ಬುದ್ಧಿವಂತಿಕೆಯಿಂದ ಒಂದು ಜೀವ ಹೋಗುತ್ತಿತ್ತು. ತಟ್ಟೆಯನ್ನು ಬೂದಿ ಹಾಕಿ ನಾನೇ ಉಜ್ಜಿದೆ.

ಜೂನ್ 25, ಮಂಗಳವಾರ

“ಸುಣ್ಣದ ಡಬ್ಬ ಯಾಕೆ ಇಳ್ದಿದೆ?” ಎಂದಳು ರಾಧಾಮಣಿ.

“ಮಂಚಕ್ಕೆ ಇರುವೆ ಹತ್ತಿದ್ವು.”

“ಊಟದ ತಟ್ಟೆ ನೀವೇ ಯಾಕೆ ತೊಳೀತಿದೀರ?”

“ನಿನಗೆ ಕೆಲಸ ಜಾಸ್ತಿ ಅಂತ.”

ಹೀಗೆ ಹೇಳಿದ್ದೇ ತಪ್ಪಾಯಿತು. ಮೊದಲನೆಯದನ್ನು ನಂಬಿದ್ದಳು, ಎರಡನೆಯದಕ್ಕೆ ಅನುಮಾನ ಬಂತು. ಹೋಗುವಾಗ ಬ್ಯಾಗನ್ನು ಎರಡು ಸಲ ನೋಡಿದಳು.

ಹರಿಣಿ ದಿನಾ ಫೋನ್ ಮಾಡಿ “ಬಿಟ್ಟೆಯಾ?” ಎನ್ನುತ್ತಾಳೆ. ನಾಳೆ ಬಿಡುತ್ತೇನೆ. ಇವತ್ತು ಗಾಳಿ ಜಾಸ್ತಿ. ನಿನ್ನೆ ಸೋಮವಾರವಾಗಿತ್ತು. ಮೊನ್ನೆ ಒಂದು ಹೂವು ತಿಂದಿತು, ಅದು ಅರಗಲಿ ಎಂದು ಇಟ್ಟುಕೊಂಡೆ.

ಹುಳುಗಳೀಗ ಬೆರಳಿನಷ್ಟು ದಪ್ಪ. ಹೊರಗೆ ನಿಂತರೂ ಸೊಪ್ಪು ಮೇಯುವ ಸದ್ದು ಮಳೆ ಬಂದಂತೆ ಕೇಳುತ್ತದೆ. ದಿನಕ್ಕೆ ಆರು ಹೊರೆ ಹೊರುತ್ತಿದ್ದೇನೆ. ಹೆಗಲು ಹೋಗಿದೆ.

ಜೂನ್ 28, ಶುಕ್ರವಾರ

ದೊಡ್ಡ ಅನಾಹುತ. ಕ್ರಮವಾಗಿ ಬರೆಯುತ್ತೇನೆ.

ಬೆಳಗ್ಗೆ ಹುಳು ಹಣ್ಣಾದವು. ಹಣ್ಣಾದ ಹುಳು ಗಾಜಿನಂತೆ ಹೊಳೆಯುತ್ತದೆ, ಆಗ ಅದನ್ನು ಎತ್ತಿ ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು, ತಡಮಾಡಿದರೆ ನೂಲು ದಂಡ. ಎಲ್ಲರ ಮನೆಯಲ್ಲೂ ಇವತ್ತೇ ಹಣ್ಣು, ಕೂಲಿಯವರು ಬರಲಿಲ್ಲ. ನಾನು ಆಗತಾನೇ ಲಗೇಜಪ್ಪನಿಗೆ ಮೇವು ಕೊಟ್ಟು ಬ್ಯಾಗಿಗೆ ಹಾಕಿಕೊಂಡಿದ್ದೆ. ರಾಧಾಮಣಿ ಬಂದು ಎದುರು ನಿಂತಳು.

“ಕೈ ತೋರ್ಸಿ.”

ಮೂಸಿದಳು. ಬಲಗೈ, ಎಡಗೈ, ಆಮೇಲೆ ಅಂಗಿಯ ತೋಳು. “ವಾಸ್ನೆ ಇಲ್ವಲ್ಲ” ಎಂದು ನನ್ನ ಮುಖ ನೋಡಿದಳು. ನನಗೂ ಆಶ್ಚರ್ಯವಾಯಿತು. ಕೋನಪ್ಪನ ಡಬ್ಬಿ ಖಾಲಿಯಾಗಿದ್ದಿರಬೇಕು.

“ಬನ್ನಿ ಒಳಗೆ” ಎಂದಳು. ಮದುವೆಯಲ್ಲೂ ನನ್ನನ್ನು ಯಾರೂ ಹೀಗೆ ಕರೆದಿರಲಿಲ್ಲ.

ಆದರೆ ಬ್ಯಾಗು? ಜಗುಲಿಯ ಮೇಲೆ ಕೋನಪ್ಪ ಬಂದು ಕೂತಿದ್ದ, ಅವನಿಗೆ ಕಂಡವರ ಚೀಲಕ್ಕೆ ಕೈ ಹಾಕುವ ಚಾಳಿ. ಬ್ಯಾಗನ್ನು ಹೆಗಲಲ್ಲೇ ಇಟ್ಟುಕೊಂಡು ಹುಳುಮನೆಗೆ ಹೋದೆ, ಒಳಗೆ ಒಂದು ಕಂಬದ ಬುಡದಲ್ಲಿಟ್ಟೆ. ಎರಡು ಗಂಟೆ ತಲೆ ಎತ್ತಲಿಲ್ಲ. ಅವಳು ಎತ್ತುವುದು, ನಾನು ಬಿಡುವುದು. ಹುಳುವನ್ನು ಹಿಚುಕದೆ ಹಿಡಿಯುವುದು ನಾಜೂಕಿನ ಕೆಲಸ. ಚಿಲ್ಲರೆ ಎಣಿಸಿದ ಬೆರಳಿಗೆ ಬೇಗ ಬಂತು.

ಆಗ ರಾಧಾಮಣಿ ನೆಲಕ್ಕೆ ತಾಗಿದ ಅಟ್ಟಣೆಯಲ್ಲಿ ಉಳಿದ ಸೊಪ್ಪಿನೊಳಗೆ ಕೈ ಹಾಕಿದವಳು ಕಿಟಾರನೆ ಕಿರುಚಿದಳು. ಅವಳ ಅಂಗೈ ಮೇಲೆ ಲಗೇಜಪ್ಪ. ಬಾಯಲ್ಲಿ ಎಲೆ. ಕಂಬದ ಬುಡದ ಬ್ಯಾಗು ಬಾಯಿ ತೆರೆದು ಮಗುಚಿ ಬಿದ್ದಿತ್ತು.

“ಏನಮ್ಮಾ ಅದು?” ಕೋನಪ್ಪ ಬಾಗಿಲಿಗೇ ಬಂದುಬಿಟ್ಟ.

ಒಂದು ಗಳಿಗೆ ಅವಳು ನನ್ನನ್ನು ನೋಡಿದಳು. ಆ ನೋಟಕ್ಕೆ ಬಸ್ಸೇ ಹೊತ್ತಿ ಉರಿಯಬೇಕು. ಆಮೇಲೆ ಆಮೆಯನ್ನು ಕೆಳಗಿಟ್ಟು ಮೇಲೆ ಸೊಪ್ಪಿನ ಮಂಕರಿ ಬೋರಲು ಹಾಕಿ, “ಇಲಿ!” ಎಂದಳು.

“ನಾನ್ ಬಂದು ಹೊಡೀತೀನಿ ಇರಮ್ಮಾ.”

“ನಿನ್ ನಶ್ಯದ ಕೈ ಹೊರಗೇ ಇರ್ಲಿ ಕೋನಪ್ಪಾ! ಇಲಿಗೆ ನಮ್ ಯಜಮಾನ್ರೇ ಸಾಕು.”

ಅವನು ಹೋದ ಮೇಲೆ ಪಿಸುಮಾತಲ್ಲಿ ಶುರುವಾಯಿತು. ಗೂಡು ಕಟ್ಟುವ ಹುಳು ಗದ್ದಲಕ್ಕೆ ಬೆದರುತ್ತದೆ ಎಂಬುದೊಂದೇ ನನ್ನನ್ನು ಉಳಿಸಿದ್ದು. ಪಿಸುಮಾತಲ್ಲಿ ಅಷ್ಟು ಬೈಯಬಹುದು ಎಂದು ನನಗೆ ಗೊತ್ತಿರಲಿಲ್ಲ. “ಆಮೆ! ಬೆಳೆ ಮನೆಗೆ ಆಮೆ! ಈಗಿಂದೀಗ್ಲೇ ಆಚೆ ಬಿಟ್ ಬನ್ನಿ.”

ನಾನು ತಲೆ ತಗ್ಗಿಸಿಕೊಂಡೇ ಹೇಳಿದೆ: “ಬಿಡ್ತೀನಿ ಕಣೇ. ಆದ್ರೆ ಗೂಡು ಬಿಡ್ಸೋವರ್ಗೂ ಹೊಸ್ತಿಲು ದಾಟಿ ಏನೂ ಹೋಗಂಗಿಲ್ಲ ಅಂದಿದ್ದೆ. ಒಳಗೆ ಬಂದಿದ್ದು ಹೊರಗೆ ಹೋದ್ರೆ ಬೆಳೆನೂ ಅದರ ಹಿಂದೆ...”

ಇಟ್ಟುಕೊಂಡರೆ ಮನೆ ಹಾಳು, ಕಳಿಸಿದರೆ ಬೆಳೆ ಹಾಳು. ಮೂವತ್ತು ವರ್ಷದಲ್ಲಿ ಮೊದಲ ಸಲ ನಾನು ಗೆದ್ದೆ.

“ಒಂದು ಗೂಡು ಕೆಟ್ರೂ ನೀವೂ ನಿಮ್ ಆಮೆನೂ ಇಬ್ರೂ ಬೆಟ್ಟಕ್ಕೆ” ಎಂದಳು. ತಮಾಷೆಗೆ ಹೇಳಲಿಲ್ಲ. ಹೋದ ಬೆಳೆ ಕೆಟ್ಟಾಗ ಅವಳು ಎರಡು ದಿನ ಉಣ್ಣಲಿಲ್ಲ, ಅದನ್ನು ನಾನು ನೋಡಿದ್ದೇನೆ.

ಜುಲೈ 1, ಸೋಮವಾರ

ಭಯದಲ್ಲಿದ್ದೇನೆ. ಗೂಡು ಬಿಡಿಸುವವರೆಗೆ ಏನೂ ಗೊತ್ತಾಗುವುದಿಲ್ಲ. ಅವಳು ಮಾತಾಡುತ್ತಿಲ್ಲ. ಆದರೆ ಬಚ್ಚಲ ಮೂಲೆಯಲ್ಲಿ ಮಂಕರಿಯ ಕೆಳಗಿರುವ ಲಗೇಜಪ್ಪನ ಮುಂದೆ ಇವತ್ತು ಒಂದು ಕುಂಬಳದ ಹೂವು ಬಿದ್ದಿತ್ತು. ನಾನು ಹಾಕಿದ್ದಲ್ಲ. ಹೂವಿನ ತೊಟ್ಟನ್ನು ಯಾರೋ ಚಿವುಟಿ ತೆಗೆದಿದ್ದರು.

ಜುಲೈ 4, ಗುರುವಾರ

ಬೆಳೆ ಗೆದ್ದಿತು! ಚಂದ್ರಿಕೆಯ ತುಂಬ ಗಟ್ಟಿ ಗೂಡು, ಒಂದರ ಪಕ್ಕ ಒಂದು. ಅವಳು ಒಂದು ಗೂಡನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು, ಒಳಗೆ ಹುಳು ಟಕಟಕ ಎಂದಿತು. ಅವಳು ನಗುತ್ತಿದ್ದಳು. ನನಗೆ ಎಷ್ಟು ಸಂತೋಷವಾಯಿತು ಎಂದರೆ ಅದನ್ನು ಬರೆಯಲು ನಾಚಿಕೆಯಾಗುತ್ತಿದೆ. ನಾಳೆ ಶಿಡ್ಲಘಟ್ಟದ ಮಾರ್ಕೆಟ್ಟಿಗೆ.

ಸಂಜೆ ಹೊಸ ತಲೆನೋವು. ರಾಧಾಮಣಿ ಆಮೆಗೆ ನೀರು ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಅತ್ತಿತ್ತ ನೋಡಿ ಹೇಳಿದಳು:

“ರೀ, ಇದರ ಕಾಲ್ಗುಣ ಒಳ್ಳೇದೇ ಕಣ್ರೀ. ಮುಂದಿನ್ ಬೆಳೆವರ್ಗೂ ಇರ್ಲಿ ಬಿಡಿ.”

ಹದಿನೈದು ದಿನದಿಂದ ನಾನು ಕಾಯುತ್ತಿದ್ದ ಮಾತು ಇದೇ. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಬಚ್ಚಲ ಗೋಡೆಗೆ ತಲೆ ತಾಗಿಸಿಕೊಂಡು ಲಗೇಜಪ್ಪ ಒಂದೇ ಸಮ ಕಾಲು ಹಾಕುತ್ತಿತ್ತು. ಗೋಡೆಯ ಆಚೆಗೆ ಬೆಟ್ಟ. ಮಂಕರಿ ಎತ್ತಿದಾಗಲೆಲ್ಲ ಅದೇ ಗೋಡೆ, ಅದೇ ಮೂಲೆ. ನಾನು ನೋಡಿಯೂ ನೋಡದ ಹಾಗಿದ್ದೆ.

“ಬೇಡ ಕಣೇ” ಎಂದೆ. “ಸ್ಟಾಪ್ ಬಂದ ಮೇಲೂ ಪ್ಯಾಸೆಂಜರ್‌ನ ಇಳಿಸ್ದೆ ಕರ್ಕೊಂಡು ಹೋದ್ರೆ ಅದು ಕಂಡಕ್ಟರ್ ತಪ್ಪು.”

ಅವಳು ವಾದ ಮಾಡಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಜುಲೈ 6, ಶನಿವಾರ

ಇಬ್ಬರೂ ಹೋದೆವು. ಅವಳು ಆಮೆಗೆ ಅರಿಶಿನ ಕುಂಕುಮ ಇಡುತ್ತೇನೆಂದು ಹೊರಟಳು, ಸುಣ್ಣದ ಕಥೆ ಹೇಳಿ ತಡೆದೆ. ಕಥೆ ಕೇಳಿ ದಾರಿಯುದ್ದಕ್ಕೂ ನಕ್ಕಳು. “ಆಮೆಗೆ ಜ್ವರ! ಶಿವನೇ! ಸುಣ್ಣ ಉದುರ್ಸಿದ್ರಾ!” ಬಂಡೆ ಬಂದರೂ ಅವಳ ನಗು ನಿಲ್ಲಲಿಲ್ಲ.

ದಾರಿಯಿಂದ ಒಳಗೆ, ಲಂಟಾನದ ಪೊದೆಯ ಹತ್ತಿರ ಕೆಳಗಿಟ್ಟೆ. ಕಾಗೆ ಇರಲಿಲ್ಲ. ಲಗೇಜಪ್ಪ ಕತ್ತು ಚಾಚಿ ಗಾಳಿ ಮೂಸಿ, ಪೊದೆಯ ಕಡೆಗೆ ಹೊರಟೇಬಿಟ್ಟಿತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ತಡೆಯಲಾಗಲಿಲ್ಲ. ಬ್ಯಾಗಿನಿಂದ ಸೀಟಿ ತೆಗೆದು ಒಂದು ಸಲ ಊದಿದೆ. ಒಂದು ಸೀಟಿ ಎಂದರೆ ನಿಲ್ಲಿಸು ಎಂದು.

ನಿಂತಿತು! ತಲೆ, ಕಾಲು ಎಲ್ಲ ಒಳಗೆಳೆದುಕೊಂಡು ನಿಂತುಬಿಟ್ಟಿತು. ಮೂವತ್ತೆರಡು ವರ್ಷದಲ್ಲಿ ನನ್ನ ಸೀಟಿಗೆ ಇಷ್ಟು ಬೇಗ ನಿಂತ ಗಾಡಿ ಇನ್ನೊಂದಿಲ್ಲ.

ರಾಧಾಮಣಿಯ ನಗು ಆಗ ನಿಂತಿತು. ನನ್ನ ಪಕ್ಕಕ್ಕೆ ಬಂದು, “ರೈಟ್ ಹೇಳಿ ರೀ. ಅದಕ್ಕೆ ಹೊತ್ತಾಗ್ತದೆ” ಎಂದಳು.

ಎರಡು ಸೀಟಿ ಊದಿದೆ. ಎರಡನೆಯದು ಸರಿಯಾಗಿ ಬರಲಿಲ್ಲ, ಬರೀ ಗಾಳಿ ಬಂತು. ಅದು ಬಹಳ ಹೊತ್ತು ಅಲ್ಲೇ ಕೂತಿತ್ತು. ನಾವೂ ಬಂಡೆಯ ಮೇಲೆ ಕೂತೆವು. ಬಸ್ಸಿನಿಂದ ಇಳಿದವರು ಆಮೇಲೆ ಯಾವ ಕಡೆ ಹೋಗುತ್ತಾರೆ ಎಂದು ನಾನು ಒಂದು ದಿನವೂ ನಿಂತು ನೋಡಿದವನಲ್ಲ. ಇವತ್ತು ಕೊನೆಯ ಕಾಲು ಪೊದೆಯೊಳಗೆ ಹೋಗುವವರೆಗೂ ನೋಡಿದೆ.

ವಾಪಸು ಬರುವಾಗ ಅವಳು ಸೆರಗಿನ ಗಂಟು ಬಿಚ್ಚಿ ನಶ್ಯದ ಡಬ್ಬಿ ಕೊಟ್ಟಳು. “ಬೆಳೆ ಮುಗೀತು, ತಗಳಿ.” ಜೇಬಿಗೆ ಹಾಕಿಕೊಂಡೆ.

ಜುಲೈ 14, ಭಾನುವಾರ

ಹೊಸ ಚಾಕಿ ಬಂತು. ಕೋನಪ್ಪ ಜಗುಲಿಯಲ್ಲಿ ಕೂತು “ಬಾ ಅಣ್ಣಾ, ಫಸ್ಟ್ ಕ್ಲಾಸ್ ಮಾಲು” ಎಂದು ಡಬ್ಬಿ ಚಾಚಿದ. ಕೈ ತೊಳೆದು ಬಂದಿದ್ದೆ, ಮತ್ತೆ ಯಾರು ತೊಳೆಯುತ್ತಾರೆ? ಆಮೇಲೆ ಎಂದೆ. ನನ್ನ ಡಬ್ಬಿ ಎಲ್ಲಿಟ್ಟೆನೋ ನೆನಪಿಲ್ಲ. ಜಗುಲಿಯ ಮಂಚವೂ ಕಾಣುತ್ತಿಲ್ಲ, ಅವಳು ಯಾವಾಗಲೋ ಒಳಗೆ ಹಾಕಿಸಿದ್ದಾಳೆ.

ಎಳೆ ಹುಳುವಿಗೆ ಸೊಪ್ಪು ಹೆಚ್ಚುವ ಕೆಲಸ ಈ ಸಲ ನನ್ನದು. ನನ್ನಷ್ಟು ಸಣ್ಣಗೆ ಊರಲ್ಲಿ ಯಾರೂ ಹೆಚ್ಚುವುದಿಲ್ಲ ಎಂದು ರಾಧಾಮಣಿ ಕೋನಪ್ಪನ ಹೆಂಡತಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು.

ಹೆಚ್ಚಿದ ಮೇಲೆ ನೋಡಿದರೆ, ನಾಲ್ಕು ಎಲೆಯನ್ನು ಬೇರೆಯಾಗಿ ಎತ್ತಿಟ್ಟಿದ್ದೇನೆ.